ಸಾಲಿಗೆ ಹಾಡು ಕೊಡುವವಳು

ಹಾಡು ಕೇಳಿದರೆ ಮನಸ್ಸು ಹಗುರಾಗುತ್ತದೆ, ಮೈಗೆ ಹುರುಪು ಬರುತ್ತದೆ, ಕೆಲಸ ಸಲೀಸಾಗಿ ಸಾಗುತ್ತದೆ ಎಂದು ಯಾರಾದರೂ ವೇದಿಕೆಯ ಮೇಲೆ ನಿಂತು ಹೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅವರು ಹೇಳುವುದು ಸುಳ್ಳೆಂದಲ್ಲ. ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅದು ನಿಜ, ಅದಕ್ಕೇ ಸಿಟ್ಟು. ಹಾಡು ಮನುಷ್ಯನಿಂದ ಏನು ಬೇಕಾದರೂ ಮಾಡಿಸುತ್ತದೆ. ಆ ಹಾಡು ಯಾರ ಕೈಯಲ್ಲಿದೆ ಎಂದು ಮಾತ್ರ ಅವರಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಕೃಷಿ ಸಹಾಯಕನಾಗಿ ಸೇರಿದವನು ನಾನು. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಎಂದು ಇದೇ ನಾಲ್ಕು ತಾಲೂಕುಗಳಲ್ಲಿ ಸೈಕಲ್ ತುಳಿದು ನಿವೃತ್ತನಾದೆ. ಬಡ್ತಿಯ ಕಥೆ ಇಲ್ಲಿ ಬರೆಯುವುದಿಲ್ಲ. ಈಗ ಇಲಾಖೆಗೆ ಸೇರುತ್ತಿರುವ ನೀವು ನನ್ನ ಬಡ್ತಿ ತೆಗೆದುಕೊಂಡು ಏನು ಮಾಡುತ್ತೀರಿ? ನನ್ನ ತಪ್ಪುಗಳನ್ನು ತೆಗೆದುಕೊಳ್ಳಿ. ಅವು ಬೇಕಾದಷ್ಟಿವೆ.

ಮೊದಲನೆಯದು ಯಲಬುರ್ಗಾದ ಎರೆಹೊಲದಲ್ಲಿ ಆದದ್ದು. ಹಿಂಗಾರಿ ಜೋಳದ ಬಿತ್ತನೆ. ಎತ್ತು ಕೂರಿಗೆ ಎಳೆಯುತ್ತವೆ, ಹಿಂದೆ ಹೆಣ್ಣುಮಕ್ಕಳು ಉಡಿಯಲ್ಲಿ ಬೀಜ ಕಟ್ಟಿಕೊಂಡು, ನಡೆಯುತ್ತ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಹಿಡಿ ಸಡಿಲಿಸಿ ಬೀಜ ಬಿಡುತ್ತಾರೆ. ಬಾಯಲ್ಲಿ ಹಾಡು ಇರಲೇಬೇಕು. ಅವತ್ತು ಜಿಲ್ಲೆಯಿಂದ ಮೇಲಧಿಕಾರಿ ಬಂದಿದ್ದರು. ಬೀಜೋಪಚಾರದ ಬಗ್ಗೆ ನಾನು ಬಾಯಿಪಾಠ ಮಾಡಿಕೊಂಡಿದ್ದ ಭಾಷಣ ಒಪ್ಪಿಸಬೇಕಿತ್ತು. ಆ ಹೆಣ್ಣುಮಕ್ಕಳ ದನಿಯಲ್ಲಿ ನನ್ನ ಭಾಷಣ ಮುಳುಗುತ್ತಿತ್ತು. ಸುಮ್ಮನಿರ್ರವ್ವ ಎಂದು ಗದರಿಸಿದೆ. ಸುಮ್ಮನಾದರು. ಮೂರು ಎಕರೆ ಮೌನದಲ್ಲೇ ಬಿತ್ತಿದರು. ಮೇಲಧಿಕಾರಿ ನನ್ನ ಬೆನ್ನು ತಟ್ಟಿ ಹೋದರು.

ಹದಿನೈದು ದಿನಕ್ಕೆ ಹೊಲ ನೋಡಬೇಕಿತ್ತು ನೀವು. ಒಂದು ಕಡೆ ಜೋಳ ದಟ್ಟವಾಗಿ ಮುತ್ತಿಕೊಂಡು ಎದ್ದಿದೆ, ಇನ್ನೊಂದು ಕಡೆ ಮಾರುದ್ದ ಬೋಳು. ಹೊಲದ ಯಜಮಾನ ಬಸಪ್ಪ ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದ:

"ಸಾಹೇಬ್ರ, ಹಾಡಿನ ಲೆಕ್ಕಕ್ಕ ಹಿಡಿ ಬಿಚ್ಚತಿದ್ರು. ನೀವು ಬಾಯಿ ಮುಚ್ಚಿಸಿದ್ರಿ, ಕೈಗೆ ಲೆಕ್ಕ ತಪ್ಪಿತು."

ಎರಡನೆಯದು ಕುಷ್ಟಗಿಯ ಕಡೆ. ಆಗಿನ್ನೂ ಅಲ್ಲಲ್ಲಿ ಕಪಲಿ ಬಾವಿಗಳಿದ್ದವು. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ತೊಗಲಿನ ದೊಡ್ಡ ಚೀಲದಲ್ಲಿ ನೀರು ಮೇಲೆಳೆಯುತ್ತವೆ, ಆಮೇಲೆ ಹಿಂದೆ ಹಿಂದೆ ಸರಿದು ಬಾವಿಯ ದಂಡೆಗೆ ಬರುತ್ತವೆ. ತಾಸಿಗೆ ಎಷ್ಟು ಚೀಲ ನೀರು ಬರುತ್ತದೆಂದು ಅಳೆದು ಬರೆಯುವ ಕೆಲಸ ನನಗೆ ಬಿತ್ತು. ಕಪಲಿ ಹೊಡೆಯುವ ಮೌಲಾಸಾಬ ಎಂಬ ಹಿರಿಯ ಪ್ರತಿ ಸಲ ಎತ್ತುಗಳನ್ನು ಹಿಂದೆ ಸರಿಸುವಾಗ ರಾಗ ಎಳೆಯುತ್ತಿದ್ದ. ಅದರಲ್ಲಿ ಹೊತ್ತು ಹೋಗುತ್ತದೆಂದು ನಾನು ಹಾಡು ಬಿಡಿಸಿದೆ. ಎತ್ತುಗಳು ಇಳಿಜಾರಿನ ಬುಡಕ್ಕೆ ಹೋಗಿ ನಿಂತವು, ನಿಂತೇ ಬಿಟ್ಟವು. ಬಾರುಕೋಲಿಗೂ ಜಗ್ಗಲಿಲ್ಲ. ಮೌಲಾಸಾಬ ನಗುತ್ತ ಮತ್ತೆ ರಾಗ ತೆಗೆದ, ಎತ್ತುಗಳು ಹಿಂದೆ ಸರಿದವು. ಮುಂದೆ ಎರಡೇ ವರ್ಷಕ್ಕೆ ಅಲ್ಲಿ ಪಂಪ್‌ಸೆಟ್ ಬಂತು, ಅದಕ್ಕೆ ಯಾವ ಹಾಡೂ ಬೇಕಿರಲಿಲ್ಲ.

ಎರಡು ಸಲ ಕೈ ಸುಟ್ಟುಕೊಂಡವನು ಮೂರನೇ ಸಲ ಎಚ್ಚರವಿರಬೇಕಲ್ಲವೇ? ಹಾಡೆಂದರೆ ಇವರಿಗೆ ಹೊತ್ತು ಕಳೆಯುವ ಸಾಧನವಲ್ಲ, ಕೆಲಸದ ಸಾಮಾನೇ ಎಂದು ನನಗೆ ಗೊತ್ತಾಗಿಹೋಗಿತ್ತು. ಗೊತ್ತಿದ್ದೂ ಮಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರಲ್ಲ, ಬಸಪ್ಪನೂ ಮೌಲಾಸಾಬನೂ ಬಾರಿಸಿದ್ದು ನನ್ನಂಥ ಕೋಣನ ಮುಂದೆ.

ಎಂಬತ್ತರ ದಶಕದಲ್ಲಿ ನನ್ನನ್ನು ಗಂಗಾವತಿ ಕಡೆಯ ಒಂದು ಬೀಜೋತ್ಪಾದನೆಯ ಫಾರ್ಮಿಗೆ ಹಾಕಿದರು. ಯಾವ ಫಾರ್ಮು ಎಂದು ಹೇಳುವುದಿಲ್ಲ. ಕಾಲುವೆ ನೀರಿನ ಭೂಮಿ, ಕಣ್ಣು ಹಾಯಿಸಿದಷ್ಟೂ ಭತ್ತ. ನಾಟಿಗೆ ಒಣಭೂಮಿಯ ಊರುಗಳಿಂದ ಹೆಣ್ಣುಮಕ್ಕಳ ಗುಂಪುಗಳು ಬಂದು ಗುಡಿಸಲು ಹಾಕಿಕೊಂಡು ಉಳಿಯುತ್ತಿದ್ದವು. ನಮ್ಮಲ್ಲಿಗೆ ಬರುತ್ತಿದ್ದದ್ದು ಹುಲಿಹೈದರದ ಕಡೆಯ ಇಪ್ಪತ್ತು ಜನರ ಗುಂಪು. ಗುಂಪಿನ ಯಜಮಾನಿಕೆ ಹುಸೇನಬಿಯದು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಆಕೆ ಹೂಂ ಎಂದರೆ ಗುಂಪು ಹೂಂ ಎಂದಂತೆ.

ಆ ವರ್ಷ ಗುಂಪಿನಲ್ಲಿ ದುರುಗಮ್ಮ ಎಂಬ ಬಸುರಿ ಇದ್ದಳು. ಏಳು ತಿಂಗಳು. ಅದಕ್ಕೆ ಮುಂಚೆ ಎರಡು ಸಲ ನಿಂತು ಎರಡೂ ಸಲ ಇಳಿದುಹೋಗಿತ್ತು. ಈ ಸಲವಾದರೂ ಉಳಿಯಲಿ ಎಂದು ಗುಂಪಿನವರೆಲ್ಲ ಒಂದೊಂದು ದೇವರಿಗೆ ಬೇಡಿಕೊಂಡಿದ್ದರು, ಹುಸೇನಬಿ ದರ್ಗಾಕ್ಕೆ ಹರಕೆ ಹೊತ್ತಿದ್ದಳು. ಬಂದ ಮೊದಲ ದಿನವೇ ದುರುಗಮ್ಮ ನನ್ನ ಹತ್ತಿರ ಬಂದು, ನಾಟಿ ಬಿಡಿಸಿ, ಸಸಿ ಕಟ್ಟು ಕಟ್ಟುವಂಥ ಕೂತು ಮಾಡುವ ಕೆಲಸ ಕೊಡಿರೆಂದು ಕೇಳಿದಳು. ಆ ಕೆಲಸ ಗಂಡಸರಿಗೆ ಎಂದು ನಮ್ಮ ಫಾರ್ಮಿನ ಸಾಹೇಬರ ಆದೇಶವಿತ್ತು. ಆದೇಶ ಬದಲಿಸಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಾಟಿಯಲ್ಲೇ ನಿಧಾನವಾಗಿ ಮಾಡು, ಯಾರೂ ಏನೂ ಅನ್ನುವುದಿಲ್ಲ, ನಾನಿದ್ದೇನೆ ಎಂದೆ.

"ನೀವು ಅದೀರಿ ಅಂದ್ರ ಆತು ಬಿಡ್ರಿ," ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಇಳಿದಳು.

ನಾಟಿ ನೋಡಿರದವರಿಗೆ ಒಂದು ಮಾತು ಹೇಳಬೇಕು. ಹೆಣ್ಣುಮಕ್ಕಳು ಒಂದೇ ಸಾಲಿನಲ್ಲಿ ಬಗ್ಗಿ ನಿಂತು, ಸಸಿ ಊರುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಒಬ್ಬಾಕೆ ಹಿಂದೆ ಬಿದ್ದರೆ ಎಡಬಲದಲ್ಲಿ ನಾಟಿಯಾದ ಪೈರು ಸುತ್ತುವರಿದು ಆಕೆ ನಡುವೆ ಗೂಡಿನಲ್ಲಿ ಸಿಕ್ಕಿಕೊಂಡಂತೆ ಒಂಟಿಯಾಗುತ್ತಾಳೆ. ಅದು ದೊಡ್ಡ ಅವಮಾನ. ಹಾಗಾಗದಂತೆ ಸಾಲನ್ನು ಒಂದೇ ಹದದಲ್ಲಿ ಇಡುವುದು ಹಾಡು. ಒಬ್ಬಾಕೆ ನುಡಿ ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಅದಕ್ಕೆ ಅವರು ಹಾಡು ಕೊಡುವುದು ಎನ್ನುತ್ತಿದ್ದರು. ಆ ವರ್ಷ ಹಾಡು ಕೊಡುತ್ತಿದ್ದವಳು ದುರುಗಮ್ಮ. ದನಿಯೇನೂ ದೊಡ್ಡದಲ್ಲ, ನಡುನಡುವೆ ಉಸಿರು ಕಟ್ಟುತ್ತಿತ್ತು, ನುಡಿ ಅರ್ಧಕ್ಕೇ ನಿಲ್ಲುತ್ತಿತ್ತು. ಅದು ನಿಂತಾಗ ಇಪ್ಪತ್ತು ಜನವೂ ನಿಂತು ಸೊಂಟ ನೆಟ್ಟಗೆ ಮಾಡುತ್ತಿದ್ದರು. ಇಷ್ಟು ಗಟ್ಟಿ ದನಿಯ ಹುಡುಗಿಯರಿರುವಾಗ ಈಕೆಯಿಂದ ಯಾಕೆ ಹಾಡಿಸುತ್ತೀ ಎಂದು ಹುಸೇನಬಿಯನ್ನು ಕೇಳಿದೆ. ಆಕೀನ ಹಾಡ್ಲಿ ಬಿಡ್ರಿ ಎಂದಳು. ಯಾಕೆಂದು ಎರಡನೇ ಸಲ ಕೇಳುವ ತಾಳ್ಮೆ ನನಗಿರಲಿಲ್ಲ.

ಈಗ ನಮ್ಮ ಸಾಹೇಬರ ವಿಷಯಕ್ಕೆ ಬರುತ್ತೇನೆ. ಮೈಸೂರು ಕಡೆಯವರು, ಫಾರ್ಮಿನ ಮುಖ್ಯಸ್ಥರು. ದುಷ್ಟರಲ್ಲ, ಲಂಚಕೋರರಲ್ಲ. ಸಂಗೀತವೆಂದರೆ ಪ್ರಾಣ, ಕಡತ ನೋಡುವಾಗಲೂ ಮೇಜಿನ ಮೇಲೆ ಬೆರಳು ತಾಳ ಹಾಕುತ್ತಿತ್ತು. ಎಲ್ಲೋ ತರಬೇತಿಗೆ ಹೋಗಿ ಬಂದಿದ್ದರು. ಕಾರ್ಖಾನೆಗಳಲ್ಲಿ ಹಾಡು ಹಾಕಿದರೆ ಕೂಲಿಗಳಿಗೆ ದಣಿವು ತಿಳಿಯುವುದಿಲ್ಲ, ಕೈ ಚುರುಕಾಗುತ್ತದೆ ಎಂದು ಅಲ್ಲಿ ಯಾರೋ ಹೇಳಿದ್ದರಂತೆ. ಬಂದವರೇ ನಾಟಿ ನೋಡಿದರು, ದುರುಗಮ್ಮನ ಹಾಡು ಕೇಳಿದರು. ಇದೇನ್ರೀ, ಜೋಗುಳ ಹಾಡಿದ ಹಾಗಿದೆ, ಕೇಳಿದರೆ ನನಗೇ ನಿದ್ದೆ ಬರುತ್ತೆ ಎಂದರು. ನಾನು ಹಲ್ಲು ಕಿರಿದೆ. ಮರುದಿನ ಗಂಗಾವತಿಯಿಂದ ಮೈಕ್ ಸೆಟ್ ತರಿಸಿದರು. ಬದುವಿನ ಬೇವಿನ ಮರಕ್ಕೆ ಎರಡು ಹಾರ್ನು ಕಟ್ಟಿಸಿ, ಕುಣಿಸುವ ಸಿನಿಮಾ ಹಾಡುಗಳ ರೆಕಾರ್ಡು ಹಾಕಿಸಿದರು. ಯಾವ ಹಾಡಿಗೆ ಎಷ್ಟು ಸಾಲು ನಾಟಿಯಾಯಿತೆಂದು ಬರೆಯುವ ಕೆಲಸ ನನ್ನದು.

ಮೊದಲ ದಿನ ನಿಜವಾಗಿಯೂ ಕೈ ಚುರುಕಾಯಿತು. ಹರೆಯದ ಹುಡುಗಿಯರು ನಗುನಗುತ್ತ ಸಸಿ ಊರಿದರು. ದಿನಾ ಸಂಜೆಗೆ ಮುಗಿಯುವಷ್ಟು ಗದ್ದೆ ಮಧ್ಯಾಹ್ನವೇ ಮುಗಿಯಿತು. ಸಾಹೇಬರು ಮಗುವಿನಂತೆ ಸಂಭ್ರಮಪಟ್ಟರು. ಹುಸೇನಬಿ ಮಾತ್ರ ಊಟದ ಹೊತ್ತಿಗೆ ಬಂದು, ಈ ಹಾಡಿಗೆ ಉಸಿರಿಲ್ಲ, ನಿಲ್ಲಿಸಿರಿ ಎಂದು ಹೇಳಿದಳು. ರೆಕಾರ್ಡಿಗೆ ಎಲ್ಲಿಯ ಉಸಿರು ಎಂದು ನಾನು ನಕ್ಕೆ. ನಿಮಗೆ ಈಗ ನನ್ನ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತಿದ್ದರೆ ಬಾರಿಸಿ, ನಾನು ಆಗಲೇ ನೂರು ಸಲ ಬಾರಿಸಿಕೊಂಡಿದ್ದೇನೆ.

ಮೂರನೇ ದಿನ ದುರುಗಮ್ಮ ಗದ್ದೆಯಲ್ಲಿ ಕುಸಿದಳು. ಮಧ್ಯಾಹ್ನಕ್ಕೆ ಮುಂಚೆ. ಎಷ್ಟು ಹೊತ್ತಿನಿಂದ ಹಿಂದೆ ಬಿದ್ದಿದ್ದಳೋ ಯಾರೂ ನೋಡಿರಲಿಲ್ಲ. ಬೇರೆ ದಿನಗಳಲ್ಲಾದರೆ ಎಡಬಲದವರು ಆಕೆಯ ಪಾಲಿನ ನಾಲ್ಕು ಸಸಿ ತಾವು ಊರಿ ಸರಿದೂಗಿಸುತ್ತಿದ್ದರು. ಅವತ್ತು ಆ ಹಾಡಿನ ಓಟದಲ್ಲಿ ಅವರಿಗೆ ಅವರ ಕೈಯೇ ಸಾಲದಾಗಿತ್ತು. ಎಡಬಲದಲ್ಲಿ ಪೈರು, ನಡುವೆ ಆಕೆ, ಮೊಣಕಾಲುದ್ದದ ಕೆಸರು. ಹೊಟ್ಟೆ ಹಿಡಿದು ಕೂತವಳನ್ನು ಮೊದಲು ಕಂಡವಳು ಹುಸೇನಬಿ. ಆಕೆ ಬಾಯಿ ಬಡಿದುಕೊಂಡದ್ದೂ ಯಾರಿಗೂ ಕೇಳಿಸಲಿಲ್ಲ, ಸಸಿ ಕಟ್ಟನ್ನು ಎತ್ತಿ ನನ್ನ ಮೇಲೆ ಒಗೆದಳು, ಆಗ ತಿರುಗಿ ನೋಡಿದೆ.

ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಆಸ್ಪತ್ರೆಗೆ ಒಯ್ದೆವು. ಮಗು ಉಳಿಯಲಿಲ್ಲ. ಗಂಡು ಮಗುವಾಗಿತ್ತು. ದುರುಗಮ್ಮ ಉಳಿದಳು. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಹುಸೇನಬಿ ಕೂತಿದ್ದಳು, ಕೈಕಾಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ನಾನು ಹೋಗಿ ಎದುರಿಗೆ ನಿಂತೆ. ಎದ್ದು ಉಗಿಯುತ್ತಾಳೆ ಎಂದುಕೊಂಡಿದ್ದೆ. ಆಕೆ ನನ್ನ ಕಡೆ ನೋಡದೆ, ಶಾಲೆಯಲ್ಲಿ ಹುಡುಗರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು:

"ಹಾಡು ಕೊಡಾಕಿ ಯಾವಾಗ್ಲೂ ಸಾಲಿನಾಗ ಮೊದ್ಲು ದಣಿಯಾಕೀನ ಇರತಾಳ್ರಿ. ಬಸುರಿ ಇದ್ರ ಬಸುರಿ, ಮುದುಕಿ ಇದ್ರ ಮುದುಕಿ. ಆಕಿ ಉಸುರು ಎಲ್ಲಿ ಮುಗೀತೈತಿ, ಅಲ್ಲಿ ಇಪ್ಪತ್ತು ಮಂದಿನೂ ನಿಂದರತೀವಿ. ನಾ ಸೋತೆ ಅಂತ ಆಕಿ ಹೇಳೂದು ಬ್ಯಾಡ, ನೀ ಸೋತಿ ಅಂತ ನಾವು ಅನ್ನೂದು ಬ್ಯಾಡ. ನಮ್ಮವ್ವನ ಕಾಲದಿಂದ ಹಿಂಗ ನಡದೈತಿ. ನಿಮಗ ಅದು ದನಿ ಇಲ್ಲದಾಕಿ ಹಾಡು ಅಂತ ಕಂಡಿತು."

ಇದು ಯಾವ ತರಬೇತಿಯಲ್ಲೂ ಇರಲಿಲ್ಲ. ಹತ್ತು ಹನ್ನೆರಡು ವರ್ಷ ಹೊಲ ಗದ್ದೆ ತಿರುಗಿದ ನನಗೂ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಎರಡು ನಿಮಿಷದ ಮಾತು.

ಸಂಜೆ ಸಾಹೇಬರು ನನ್ನನ್ನು ಕೋಣೆಗೆ ಕರೆದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಿಬಿಡುತ್ತೇನೆ. ಪಾಪ, ಪಾಪ ಎಂದು ನಾಲ್ಕು ಸಲ ಅಂದರು. ಆಮೇಲೆ ಕಣ್ಣೊರೆಸಿಕೊಂಡು, ವರದಿ ಬರೆಯಿರಿ ಎಂದರು. ಎರಡು ವರದಿ. ಒಂದು, ಕೂಲಿ ಹೆಂಗಸು ತನ್ನ ಸ್ಥಿತಿಯನ್ನು ಮುಚ್ಚಿಟ್ಟು ಕೆಲಸಕ್ಕೆ ಬಂದಿದ್ದಳೆಂದು. ಇನ್ನೊಂದು, ಸಂಗೀತದಿಂದ ನಾಟಿಯ ವೇಗ ಹೆಚ್ಚಿತೆಂದು. ಏಳು ತಿಂಗಳ ಬಸುರನ್ನು ಯಾರು ಹೇಗೆ ಮುಚ್ಚಿಡುತ್ತಾರೆ ಎಂದು ಕೇಳಬೇಕಿತ್ತು. ಆಕೆ ನನ್ನೆದುರು ನಿಂತು ಕೂತು ಮಾಡುವ ಕೆಲಸ ಕೇಳಿದ್ದಳು ಎಂದು ಹೇಳಬೇಕಿತ್ತು. ನನಗೂ ಹೆಂಡತಿ ಮಕ್ಕಳಿದ್ದರು, ವರ್ಗಾವಣೆಯ ಹೆದರಿಕೆ ಇತ್ತು. ಇಂಥ ಹೊತ್ತಿನಲ್ಲಿ ನೌಕರ ಹೇಳುವ ಮಾತೆಲ್ಲ ನನಗೆ ನಾನೇ ಹೇಳಿಕೊಂಡೆ. ಎರಡೂ ವರದಿ ಬರೆದೆ. ಅಕ್ಷರ ದುಂಡಗಿದೆ ಎಂದು ಸಾಹೇಬರು ಮೆಚ್ಚಿದರು. ಎರಡನೆಯ ವರದಿ ಮೇಲಿನ ಕಚೇರಿಗಳಿಗೆ ಹೋಗಿ ಅವರಿಗೆ ಪ್ರಶಂಸೆಯ ಪತ್ರವೂ ಬಂತು.

ಮರುದಿನ ಬೆಳಿಗ್ಗೆ ಮತ್ತೆ ಹಾರ್ನು ಶುರುವಾಯಿತು. ನೀವು ನಂಬಲಿಕ್ಕಿಲ್ಲ, ಆದರೆ ಶುರುವಾಯಿತು. ಕೆಲಸ ನಿಲ್ಲಿಸಿದರೆ ದುಃಖ ಹೆಚ್ಚಾಗುತ್ತೆ, ಹಾಡು ಕೇಳಿದರೆ ಮನಸ್ಸು ತಿಳಿಯಾಗುತ್ತೆ ಎಂದರು ಸಾಹೇಬರು. ಮನಸಾರೆ ನಂಬಿಯೇ ಹೇಳಿದರು. ಹತ್ತೊಂಬತ್ತು ಜನ ಗದ್ದೆಗೆ ಇಳಿದರು, ಸಾಲು ಕಟ್ಟಿದರು, ದುರುಗಮ್ಮನ ಜಾಗ ಖಾಲಿ ಬಿಟ್ಟರು. ಬಗ್ಗಲಿಲ್ಲ. ಕೈಯಲ್ಲಿ ಸಸಿ ಹಿಡಿದು ನೆಟ್ಟಗೆ ನಿಂತರು. ರೆಕಾರ್ಡು ಒಂದಾದ ಮೇಲೆ ಒಂದು ಕುಣಿಯುತ್ತಿತ್ತು, ಒಬ್ಬರ ಕಾಲೂ ಅಲುಗಲಿಲ್ಲ. ಸಾಹೇಬರು ಬದುವಿನ ಮೇಲೆ ನಿಂತು ಕೂಗಾಡಿದರು, ಹಾಜರಿ ಹೊಡೆದು ಹಾಕುತ್ತೇನೆ ಎಂದರು, ಬೇರೆ ಗುಂಪು ತರಿಸುತ್ತೇನೆ ಎಂದರು. ಹುಸೇನಬಿ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನನಗೆ ಹೇಳಿದಳು:

"ಹಾಡೂದು ಆ ಪೆಟಿಗಿ ಆದ್ರ, ನೆಲ್ಲು ಹಚ್ಚೂದೂ ಅದ ಹಚ್ಚಲಿ ಅಂತ ಹೇಳ್ರಿ ನಿಮ್ಮ ಸಾಹೇಬ್ರಿಗೆ."

ಹೇಳಿದೆ. ಅದೊಂದನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ. ಸುತ್ತಲಿನ ಊರುಗಳಲ್ಲೆಲ್ಲ ನಾಟಿಯ ಭರಾಟೆ, ಬೇರೆ ಗುಂಪು ಸಿಗುವ ಮಾತೇ ಇರಲಿಲ್ಲ. ಸಸಿಮಡಿಯಲ್ಲಿ ಸಸಿ ಬಲಿಯುತ್ತಿತ್ತು, ಇನ್ನು ನಾಲ್ಕು ದಿನ ಬಿಟ್ಟರೆ ನಾಟಿಗೆ ಬರುತ್ತಿರಲಿಲ್ಲ. ಸಸಿಯ ವಯಸ್ಸಿಗೆ ಸಾಹೇಬರು ಸೋತರು, ಆ ಹೆಂಗಸಿನ ಸಂಕಟಕ್ಕಲ್ಲ. ಮಧ್ಯಾಹ್ನ ಹಾರ್ನು ಇಳಿಯಿತು. ಹೆಣ್ಣುಮಕ್ಕಳು ಬಗ್ಗಿದರು. ಹಾಡಲಿಲ್ಲ. ಆ ಹಂಗಾಮು ಪೂರ್ತಿ ಕೆಸರಿನಲ್ಲಿ ಕಾಲು ಎಳೆಯುವ ಸಪ್ಪಳ ಬಿಟ್ಟರೆ ಏನೂ ಕೇಳಿಸಲಿಲ್ಲ. ಒಂದೊಂದು ಸಲ ಹುಸೇನಬಿ ತಾನೇ ನಿಲ್ಲುತ್ತಿದ್ದಳು, ಉಳಿದವರೂ ನಿಲ್ಲುತ್ತಿದ್ದರು. ಎಷ್ಟು ಶಾಂತವಾಗಿದೆ ನೋಡಿ ಎಂದು ಸಾಹೇಬರು ಒಮ್ಮೆ ನನಗೆ ಹೇಳಿದರು. ಅವರ ಮುಖ ನೋಡಲಾಗದೆ ನಾನು ಕಾಲುವೆಯ ಕಡೆ ನಡೆದೆ.

ಮುಂದಿನ ವರ್ಷ ಅವರಿಗೆ ವರ್ಗವಾಯಿತು, ದೊಡ್ಡ ಜಾಗಕ್ಕೇ. ಗುಂಪು ಮತ್ತೆ ಬಂತು, ದುರುಗಮ್ಮನೂ ಬಂದಳು. ಕೆನ್ನೆ ಇಳಿದಿತ್ತು, ಮೈ ಗಟ್ಟಿಯಾಗಿತ್ತು. ಆಕೆಗೆ ಕೂತು ಮಾಡುವ ಕೆಲಸವನ್ನು ನಾನೇ ಗೊತ್ತುಮಾಡಿಟ್ಟಿದ್ದೆ. ಬೇಡವೆಂದಳು, ಸಾಲಿಗೇ ಹೋದಳು. ಎರಡನೇ ದಿನವೂ ಸಾಲು ಮೂಕವಾಗಿಯೇ ಇತ್ತು. ತಡೆದುಕೊಳ್ಳಲಾಗದೆ ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ಆಕೆಯ ಹತ್ತಿರ ಹೋದೆ. ಈಗ ಯಾವ ಹಾರ್ನೂ ಇಲ್ಲ, ಯಾವ ಸಾಹೇಬನೂ ಇಲ್ಲ, ನಿನಗೆ ಬೇಕಾದಷ್ಟು ನಿಧಾನವಾಗಿ ಹಾಡು ಕೊಡವ್ವ, ನಾನು ಯಾರಿಗೂ ಅಡ್ಡಿ ಮಾಡಲು ಬಿಡುವುದಿಲ್ಲ ಎಂದೆ. ಅದು ಕ್ಷಮೆ ಕೇಳುವ ನನ್ನ ರೀತಿ. ನೇರವಾಗಿ ತಪ್ಪಾಯಿತು ಎನ್ನುವ ಗಂಡಸುತನವೂ ನನ್ನಲ್ಲಿರಲಿಲ್ಲ.

ದುರುಗಮ್ಮ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಬುತ್ತಿಯ ಮೇಲಿಟ್ಟಳು. ಸಿಟ್ಟಿನಿಂದ ಮಾತಾಡಲಿಲ್ಲ. ಸಿಟ್ಟೆಲ್ಲ ಆಮೇಲೆ ನನ್ನ ಪಾಲಿಗೆ ಬಂತು.

"ಅವತ್ತೂ ನಾ ಹಾಡು ಕೊಡಾಕತ್ತಿದ್ದೆ ಸಾಹೇಬ್ರ," ಎಂದಳು. "ನಿಂದರ್ರವ್ವಾ ಅಂತ ಮೂರು ಸಲ ಕೊಟ್ಟೆ. ಮಗ್ಗಲಾಕಿಗೂ ಕೇಳ್ಲಿಲ್ಲ. ನೀವು ಅದೀನಿ ಅಂದಿದ್ರೆಲ್ಲಾ, ಅದಕ ಬದುವಿನ ಕಡೆ ಹೊಳ್ಳಿ ನಿಮ್ಮ ಮಾರಿ ನೋಡಿ ಹಾಡಿದೆ. ನೀವೂ ನನ್ನ ನೋಡಿದ್ರಿ. ನೋಡಿ, ಆ ರೆಕಾರ್ಡಿಗೆ ತಲಿ ಆಡಿಸಾಕತ್ತಿದ್ರಿ."

ನಿಜ. ಆ ಹಾಡು ನನಗೆ ಬಹಳ ಇಷ್ಟವಾಗಿತ್ತು. ಗದ್ದೆಯಲ್ಲಿ ಒಬ್ಬಾಕೆ ಬಾಯಿ ತೆರೆದು ಹಾಡುತ್ತಿರುವುದು ಕಂಡಿತು, ಅವಳಿಗೂ ಖುಷಿಯಾಗಿದೆ ಎಂದುಕೊಂಡು ತಲೆಯಾಡಿಸಿದೆ. ನನ್ನ ಎರಡು ವರದಿಗಳಲ್ಲಿ ಇದನ್ನು ಬರೆದಿರಲಿಲ್ಲ. ಈಗ ಬರೆದಿದ್ದೇನೆ.